ಕಾರಿಗೆ ಬೆಲೆ ಕಟ್ಟಿದವರು ಯಾರು?

ಐರ್ಲೆಂಡಿನಲ್ಲಿ ಹೊರಗಿನಿಂದ ತಂದ ಕಾರಿನ ನೋಂದಣಿ ತೆರಿಗೆ ಜಾಸ್ತಿಯಾಯಿತೆಂದು ಮೇಲ್ಮನವಿ ಬರೆಯಲು ಕೂತವರಿಗೆ ಮೊದಲು ಹೊಳೆಯುವ ಮಾತು ಒಂದೇ: 'ನಾನು ಈ ಕಾರಿಗೆ ಇಷ್ಟೇ ಕೊಟ್ಟೆ, ನೀವು ಅಷ್ಟು ಬೆಲೆಯೆಂದು ಹೇಗೆ ಹಿಡಿದಿರಿ?' ಇಂಗ್ಲೆಂಡಿನ ಡೀಲರ್ ಕೊಟ್ಟ ರಸೀದಿ ಕೈಯಲ್ಲಿರುತ್ತದೆ, ಬ್ಯಾಂಕಿನಿಂದ ಹಣ ಹೋದ ದಾಖಲೆ ಇರುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಏನು ಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಆ ರಸೀದಿ ಉತ್ತರಿಸುವುದು ಬೇರೆ ಪ್ರಶ್ನೆಗೆ. ಕಾನೂನು ಕೇಳುವುದು ನೀವು ಎಷ್ಟು ಕೊಟ್ಟಿರಿ ಎಂದಲ್ಲ, ಇದೇ ಕಾರು ಇವತ್ತು ಐರ್ಲೆಂಡಿನ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಎಂದು. ಈ ಎರಡು ಪ್ರಶ್ನೆಗಳ ನಡುವಿನ ಅಂತರ ತಿಳಿಯದೆ ಸೋತವರು ಬಹಳ ಮಂದಿ. ಹಾಗೆ ಸೋಲುವುದು ಪೂರ್ತಿ ಅವರದೇ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಅದಕ್ಕಾಗಿಯೇ ಈ ವಿಷಯವನ್ನು ಬುಡದಿಂದ ನೋಡಬೇಕೆನ್ನಿಸಿತು.

ಡಬ್ಲಿನ್, ಕಾರ್ಕ್, ಗಾಲ್ವೇ ಊರುಗಳ ಆಸ್ಪತ್ರೆಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕನ್ನಡಿಗರೂ ದುಡಿಯುತ್ತಿದ್ದಾರೆ. ಬ್ರಿಟನ್ನಿನಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಐರಿಷ್ ಸಮುದ್ರ ದಾಟಿ ಬಂದವರೂ ಅವರಲ್ಲಿದ್ದಾರೆ. ನಮ್ಮಲ್ಲಿಯ ಹಾಗೆ ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಓಡಾಟ, ಸ್ಟೀರಿಂಗ್ ಬಲಕ್ಕೆ. ಹಾಗಾಗಿ ಐರ್ಲೆಂಡಿಗೆ ಸೆಕೆಂಡ್ ಹ್ಯಾಂಡ್ ಕಾರುಗಳು ಬರುವುದು ಮುಖ್ಯವಾಗಿ ಬ್ರಿಟನ್ನಿನಿಂದ, ಈಚೆಗೆ ಜಪಾನಿನಿಂದ. ಕಾರು ಹಡಗಿನಿಂದ ಇಳಿದ ಏಳು ದಿನದೊಳಗೆ ಎನ್.ಸಿ.ಟಿ. ಎಂಬ ವಾಹನ ತಪಾಸಣೆಯ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಬೇಕು, 30 ದಿನದೊಳಗೆ ತೆರಿಗೆ ಕಟ್ಟಿ ನೋಂದಣಿ ಮುಗಿಸಬೇಕು. ತೆರಿಗೆ ಕಟ್ಟದೆ ಐರಿಷ್ ನಂಬರ್ ಸಿಗದು, ನಂಬರ್ ಇಲ್ಲದೆ ಓಡಿಸಿದರೆ ಗಾಡಿಯನ್ನು ಜಪ್ತಿ ಮಾಡುವ ಅಧಿಕಾರ ರೆವೆನ್ಯೂ ಎಂಬ ಅಲ್ಲಿನ ತೆರಿಗೆ ಇಲಾಖೆಗಿದೆ. ಎಂದರೆ ತಕರಾರು ಏನೇ ಇರಲಿ, ಮೊದಲು ಹಣ ಕಟ್ಟಬೇಕು, ವಾದವೆಲ್ಲ ಆಮೇಲೆ.

ಈ ತೆರಿಗೆಯ ಹೆಸರು ವೆಹಿಕಲ್ ರಿಜಿಸ್ಟ್ರೇಷನ್ ಟ್ಯಾಕ್ಸ್, ಎಲ್ಲರ ಬಾಯಲ್ಲಿ ವಿ.ಆರ್.ಟಿ. ಯೂರೋಪಿನ ಏಕ ಮಾರುಕಟ್ಟೆ 1993ರ ಜನವರಿ 1ರಂದು ಜಾರಿಗೆ ಬಂತು. ಅದರೊಂದಿಗೆ ಸದಸ್ಯ ದೇಶಗಳ ಗಡಿಯಲ್ಲಿ ಕಾರಿನ ಮೇಲೆ ಸುಂಕ ಹಾಕುವ ಹಳೆಯ ದಾರಿ ಮುಚ್ಚಿತು. ಅದೇ ದಿನ ಐರ್ಲೆಂಡ್ 1992ರ ಹಣಕಾಸು ಕಾಯ್ದೆಯ ಮೂಲಕ ವಿ.ಆರ್.ಟಿ.ಯನ್ನು ಜಾರಿಗೆ ತಂದಿತು. ಗಡಿಯ ಸುಂಕವನ್ನು ನೋಂದಣಿಯ ಮೇಜಿಗೆ ತಂದಿಟ್ಟಂತಾಯಿತು. ಮೊದಲು ಎಂಜಿನ್ನಿನ ಗಾತ್ರ ನೋಡಿ ದರ ಹಾಕುತ್ತಿದ್ದರು. 2008ರ ಜುಲೈನಿಂದ ಹೊಗೆಕೊಳವೆಯಿಂದ ಹೊರಬರುವ ಕಾರ್ಬನ್ ಡೈ ಆಕ್ಸೈಡಿನ ಪ್ರಮಾಣವೇ ಅಳತೆಗೋಲಾಯಿತು. ಈಗಿನ ಪಟ್ಟಿಯಲ್ಲಿ 20 ಮೆಟ್ಟಿಲುಗಳಿವೆ. ಕಿಲೋಮೀಟರಿಗೆ 50 ಗ್ರಾಂವರೆಗೆ ಶೇ. 7, 190 ಗ್ರಾಂ ದಾಟಿದರೆ ಶೇ. 41. ನಡುವೆ ಕೆಲವು ಮೆಟ್ಟಿಲು ಕಡಿದಾಗಿವೆ: 145 ಗ್ರಾಂ ಇದ್ದರೆ ಶೇ. 21.5, ಒಂದೇ ಗ್ರಾಂ ಹೆಚ್ಚಿದ್ದರೆ ಶೇ. 25. ತಯಾರಕರ ಪ್ರಮಾಣಪತ್ರದಲ್ಲಿ ಈ ಅಂಕಿ ಸಿಗದಿದ್ದರೆ ಮೇಲಿನ ಮೆಟ್ಟಿಲೇ ಗತಿ. ಜಪಾನಿನ ಒಳಮಾರುಕಟ್ಟೆಗಾಗಿ ತಯಾರಾದ ಕಾರು ತರುವವರಿಗೆ ಈ ಕಾಗದದ ತಾಪತ್ರಯ ಹೆಚ್ಚು.

ದರದ ಪಟ್ಟಿ ಎಲ್ಲರ ಕಣ್ಣೆದುರಿಗಿದೆ. ಅದರ ಬಗ್ಗೆ ಜಗಳ ಕಡಿಮೆ. ಜಗಳವಿರುವುದು ಆ ಶೇಕಡಾವನ್ನು ಯಾವ ಮೊತ್ತದ ಮೇಲೆ ಹಾಕಬೇಕು ಎಂಬಲ್ಲಿ.

ಆ ಮೊತ್ತದ ಹೆಸರು ಓಪನ್ ಮಾರ್ಕೆಟ್ ಸೆಲ್ಲಿಂಗ್ ಪ್ರೈಸ್, ಮುಕ್ತ ಮಾರುಕಟ್ಟೆಯ ಮಾರಾಟ ಬೆಲೆ. 1992ರ ಕಾಯ್ದೆಯ 133ನೇ ಸೆಕ್ಷನ್ನಿನ ಪ್ರಕಾರ, ಪರಸ್ಪರ ಸಂಬಂಧವಿಲ್ಲದ ಮಾರುವವನು, ಕೊಳ್ಳುವವನು ಇಬ್ಬರೂ ಐರ್ಲೆಂಡಿನೊಳಗೆ ಚಿಲ್ಲರೆ ವ್ಯಾಪಾರದಲ್ಲಿ ಕೂತರೆ ಈ ಗಾಡಿಗೆ ಎಲ್ಲ ತೆರಿಗೆ ಸೇರಿ ಎಷ್ಟು ಬರಬಹುದೋ ಅದು. ಎಷ್ಟು ಬರಬಹುದು ಎನ್ನುವುದು ಯಾರ ಅಂದಾಜು? ಕಾಯ್ದೆಯೇ ಹೇಳುತ್ತದೆ: ರೆವೆನ್ಯೂ ಕಮಿಷನರುಗಳ ಅಭಿಪ್ರಾಯ. ಇಡೀ ವಿವಾದಕ್ಕೆ ಬೀಜ ಈ 'ಅಭಿಪ್ರಾಯ' ಎಂಬ ಮಾತಿನಲ್ಲಿದೆ. 'ಎಲ್ಲ ತೆರಿಗೆ ಸೇರಿ' ಎಂಬ ಮಾತನ್ನೂ ಗಮನಿಸಬೇಕು. ಐರ್ಲೆಂಡಿನಲ್ಲಿ ಮಾರಾಟಕ್ಕಿರುವ ಹಳೆಯ ಕಾರಿನ ಬೆಲೆಯೊಳಗೆ ಅದರ ಮೊದಲ ಮಾಲೀಕ ಕಟ್ಟಿದ ವಿ.ಆರ್.ಟಿ.ಯ ಒಂದು ಪಾಲು ಕರಗಿ ಕೂತಿರುತ್ತದೆ. ಬ್ರಿಟನ್ನಿನಲ್ಲಿ ಅಂಥ ತೆರಿಗೆ ಇಲ್ಲದ್ದರಿಂದ ಅಲ್ಲಿ ಅದೇ ಕಾರು ಅಗ್ಗ. ನಮ್ಮವರು ಅಗ್ಗಕ್ಕೆ ತಂದೆವು ಎಂದುಕೊಳ್ಳುವ ಅಂತರದಲ್ಲಿ ದೊಡ್ಡ ಭಾಗ ಈ ತೆರಿಗೆಯೇ; ಅದನ್ನು ಇಲಾಖೆ ಇತ್ತ ಕಡೆ ಕಾದು ನಿಂತು ವಸೂಲು ಮಾಡುತ್ತದೆ. ಇಂಗ್ಲೆಂಡಿನ ರಸೀದಿ ಇಲ್ಲಿ ನಡೆಯದಿರುವುದಕ್ಕೆ ಕಾರಣವೂ ಇದೇ.

ಇಲಾಖೆ ಪ್ರತಿ ಮಾದರಿಗೂ ಒಂದು ಸಂಕೇತ ಸಂಖ್ಯೆ ಇಟ್ಟುಕೊಂಡು, ವಯಸ್ಸು ನೋಡಿ, ಓಡಿದ ದೂರ ನೋಡಿ ಬೆಲೆ ತೆಗೆಯುತ್ತದೆ. ಆ ಲೆಕ್ಕವನ್ನು ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಬಹುದು. ಆದರೆ ಅಲ್ಲಿ ಕಾಣುವುದು ಅಂದಾಜು ಮಾತ್ರ, ಕಟ್ಟಬೇಕಾದ ದಿನ ಬೇರೆ ಅಂಕಿ ಬಂದರೆ ಅದನ್ನು ಹಿಡಿದು ವಾದಿಸಲಾಗದು. ತಪಾಸಣೆಯ ಕೇಂದ್ರದವರು ಚಾಸಿ ನಂಬರ್, ಮಾದರಿ, ಮೀಟರ್ ನೋಡಿ ಕಾರು ಕಾಗದದಲ್ಲಿರುವ ಕಾರೇ ಹೌದೆಂದು ಖಚಿತಪಡಿಸಿಕೊಳ್ಳುತ್ತಾರೆ. ಬಾಗಿಲಿನ ಕೆಳಗೆ ಹಿಡಿದ ತುಕ್ಕು, ಗೇರ್‌ಬಾಕ್ಸಿನ ಸದ್ದು, ಎಂದೋ ಆದ ಅಪಘಾತದ ಗುರುತು ಆ ಸಂಕೇತ ಸಂಖ್ಯೆಯೊಳಗೆ ಇರುವುದಿಲ್ಲ. ಮೇಲ್ಮನವಿಗೆ ನಿಜವಾದ ಜಾಗ ಇರುವುದು ಇಲ್ಲೇ: ಪಟ್ಟಿಯಲ್ಲಿರುವ ಕಾರಿಗೂ ಅಂಗಳದಲ್ಲಿ ನಿಂತಿರುವ ಕಾರಿಗೂ ಇರುವ ವ್ಯತ್ಯಾಸದಲ್ಲಿ.

ಉದಾಹರಣೆಗೆ, ಇಲಾಖೆ 20,000 ಯೂರೋ ಎಂದು ಬೆಲೆ ಕಟ್ಟಿದ, 140 ಗ್ರಾಮಿನ ಕಾರಿಗೆ ಶೇ. 20ರಂತೆ 4,000 ಯೂರೋ ತೆರಿಗೆ. ನ್ಯಾಯವಾದ ಬೆಲೆ 17,500 ಎಂದು ತೋರಿಸಿಕೊಟ್ಟರೆ ತೆರಿಗೆ 3,500ಕ್ಕಿಳಿದು 500 ಯೂರೋ ವಾಪಸು ಬರುತ್ತದೆ. ತಿಂಗಳ ಬಾಡಿಗೆಯ ಜೊತೆ ಹೆಣಗುವ ಹೊಸ ಸಂಸಾರಕ್ಕೆ ಇದು ಸಣ್ಣ ಹಣವಲ್ಲ. ಆದರೆ ವಕೀಲರನ್ನು ಹಿಡಿಯುವಷ್ಟು ದೊಡ್ಡದೂ ಅಲ್ಲ. ಆದ್ದರಿಂದ ಈ ದಾರಿಯಲ್ಲಿ ನಡೆಯುವವರು ಬಹುತೇಕ ಒಬ್ಬರೇ ನಡೆಯುತ್ತಾರೆ.

ದಾರಿಗೆ ಎರಡು ಹಂತ. ತೆರಿಗೆ ಕಟ್ಟಿದ ಎರಡು ತಿಂಗಳೊಳಗೆ ಇಲಾಖೆಗೇ ಬರೆದುಕೊಳ್ಳಬೇಕು. ವೆಕ್ಸ್‌ಫರ್ಡ್ ಜಿಲ್ಲೆಯ ರೋಸ್ಲೇರ್ ಬಂದರಿನಲ್ಲಿರುವ ಸೆಂಟ್ರಲ್ ವೆಹಿಕಲ್ ಆಫೀಸಿಗೆ ಅರ್ಜಿ ಹೋಗುತ್ತದೆ. 30 ದಿನದಲ್ಲಿ ಉತ್ತರ ಕೊಡಬೇಕೆಂಬ ನಿಯಮವಿದೆ. ಬೆಲೆ ಕಟ್ಟಿದವರೇ ಬೆಲೆ ಸರಿಯೋ ತಪ್ಪೋ ಎಂದು ನೋಡುವ ಹಂತ ಇದು. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಒಳ್ಳೆಯ ಸಾಕ್ಷಿ ಕೊಟ್ಟರೆ ವ್ಯಾಜ್ಯ ಇಲ್ಲೇ ಮುಗಿಯಬಹುದು. ಒಪ್ಪಿಗೆಯಾಗದಿದ್ದರೆ ಉತ್ತರ ಬಂದ 30 ದಿನದೊಳಗೆ ಟ್ಯಾಕ್ಸ್ ಅಪೀಲ್ಸ್ ಕಮಿಷನ್ನಿಗೆ ಹೋಗಬಹುದು. 2016ರ ಮಾರ್ಚಿನಲ್ಲಿ ಶುರುವಾದ ಈ ಸಂಸ್ಥೆ ಇಲಾಖೆಯಿಂದ ಹೊರಗಿನದು, ಸ್ವತಂತ್ರ. ಅರ್ಜಿಗೆ ಶುಲ್ಕವಿಲ್ಲ. ಸೋತರೂ ಎದುರು ಪಕ್ಷದ ಖರ್ಚು ತುಂಬಿಕೊಡುವ ಭಯವಿಲ್ಲ. ತೀರ್ಪುಗಳನ್ನು ಹೆಸರು ಮರೆಮಾಡಿ ಪ್ರಕಟಿಸುತ್ತಾರೆ. ಮನವಿ ಬರೆಯುವ ಮೊದಲು ಆ ತೀರ್ಪುಗಳಲ್ಲಿ ನಾಲ್ಕಾರನ್ನಾದರೂ ಓದಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಅವುಗಳಲ್ಲಿ ಎರಡು ಹಿಂದಿನ ತೀರ್ಪುಗಳ ನೆರಳು ಪದೇ ಪದೇ ಬೀಳುತ್ತದೆ. ಒಂದು, ಮೆನೊಲಿ ಹೋಮ್ಸ್ ಪ್ರಕರಣದಲ್ಲಿ ಐರಿಷ್ ಹೈಕೋರ್ಟು 2010ರಲ್ಲಿ ಹೇಳಿದ್ದು: ತೆರಿಗೆಯ ಮೇಲ್ಮನವಿಯಲ್ಲಿ ರುಜುವಾತಿನ ಹೊರೆ ತೆರಿಗೆದಾರನದು. ಇಲಾಖೆಯ ಬೆಲೆ ಸರಿಯೆಂದು ಇಲಾಖೆ ತೋರಿಸಬೇಕಿಲ್ಲ, ತಪ್ಪೆಂದು ನೀವು ತೋರಿಸಬೇಕು. ಇನ್ನೊಂದು, ಲೀ ಪ್ರಕರಣದಲ್ಲಿ ಅಲ್ಲಿನ ಕೋರ್ಟ್ ಆಫ್ ಅಪೀಲ್ 2021ರಲ್ಲಿ ಹೇಳಿದ್ದು: ಕಮಿಷನ್ನಿನ ಅಧಿಕಾರ ಶಾಸನ ಕೊಟ್ಟಷ್ಟೇ. ಅಧಿಕಾರಿ ಹಾದಿ ತಪ್ಪಿಸಿದರು, ನನಗೆ ಗೊತ್ತಿರಲಿಲ್ಲ, ಮನೆಯಲ್ಲಿ ಕಷ್ಟವಿತ್ತು ಎಂಬಂಥ ಕಾರಣಗಳಿಗೆ ಕರಗಿ ತೆರಿಗೆ ಬಿಡುವ ಅಧಿಕಾರ ಅದಕ್ಕಿಲ್ಲ. ಅಳಲಿನ ಕಥೆ ಎಷ್ಟೇ ನಿಜವಾಗಿರಲಿ, ಆ ಕೋಣೆಯಲ್ಲಿ ಅದರ ಮೇಲೆ ತೀರ್ಪು ಬರೆಯಲು ಬರುವುದಿಲ್ಲ.

ತಡವಾಗಿ ನೋಂದಾಯಿಸಿದವರಿಗೆ ಇದು ಹೆಚ್ಚು ಚುರುಕು ಮುಟ್ಟಿಸುತ್ತದೆ. 30 ದಿನ ಮೀರಿದರೆ, ಕಾರು ದೇಶದೊಳಗೆ ಬಂದ ದಿನದಿಂದ ಎಣಿಸಿ ದಿನಕ್ಕೆ ತೆರಿಗೆಯ ಶೇ. 0.1ರಷ್ಟು ಹೆಚ್ಚುವರಿ ಸೇರುತ್ತದೆ. 4,000 ಯೂರೋ ತೆರಿಗೆಗೆ ದಿನಕ್ಕೆ ನಾಲ್ಕೇ ಯೂರೋ. ಕೇಳಲು ಏನೂ ಅಲ್ಲ. ಮೂರು ವರ್ಷ ಬಿಟ್ಟರೆ ಅದು 4,380 ಯೂರೋ, ಮೂಲ ತೆರಿಗೆಯನ್ನೇ ಮೀರಿದ ಮೊತ್ತ. ನಿಯಮ ತಿಳಿಯದೆ ಹೀಗಾಯಿತು ಎಂದವರ ಅರ್ಜಿಗಳು ನಿಲ್ಲುವುದಿಲ್ಲ.

ಊರು ಬದಲಿಸಿ ಬಂದವರ ಪಾಡು ಬೇರೆ. ಹೊರದೇಶದಲ್ಲಿ ಕನಿಷ್ಠ ಆರು ತಿಂಗಳು ಸ್ವಂತದ್ದಾಗಿ ಬಳಸಿದ ಕಾರನ್ನು, ವಾಸ ಬದಲಿಸುವಾಗ ಜೊತೆಗೆ ತಂದರೆ ವಿ.ಆರ್.ಟಿ. ಪೂರ್ತಿ ಮಾಫಿ, ಒಂದು ವರ್ಷ ಮಾರಬಾರದು ಎಂಬ ಕಟ್ಟುಪಾಡಿನೊಂದಿಗೆ. ಬರ್ಮಿಂಗ್‌ಹ್ಯಾಮಿನಿಂದ ಡಬ್ಲಿನ್ನಿಗೆ ಬರುವ ನಮ್ಮ ದಂಪತಿಗಳಿಗೆ ಬೆಲೆಯ ವಾದಕ್ಕಿಂತ ಇದೇ ದೊಡ್ಡ ಆಸರೆ. ಆದರೆ ಕೊಂಡ ದಿನದ ಬಿಲ್ಲು, ಅಲ್ಲಿನ ವಿಮೆ, ಅಲ್ಲಿನ ಮನೆಯ ಕರಾರು, ಕೆಲಸದ ಪತ್ರ, ವರ್ಷಕ್ಕೆ 185 ದಿನ ಅಲ್ಲೇ ವಾಸವಿದ್ದ ಪುರಾವೆ ಎಲ್ಲ ಬೇಕು. ಹೆಂಡತಿ ಮೊದಲು ಬಂದು ಗಂಡ ಎಂಟು ತಿಂಗಳು ಬಿಟ್ಟು ಬಂದರೆ, ಅಥವಾ ಹೊರಡುವ ಮೂರು ತಿಂಗಳ ಹಿಂದಷ್ಟೇ ಕಾರು ಬದಲಿಸಿದ್ದರೆ ಸಿಕ್ಕು ಶುರು. ಹೊರಡುವ ಮೊದಲೇ ಕಾಗದಗಳನ್ನು ಜೋಡಿಸಿಕೊಳ್ಳಿ ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಅದನ್ನು ಇಲ್ಲಿಂದಾದರೂ ಹೇಳಬೇಕು.

ಬ್ರೆಕ್ಸಿಟ್ ಆದಮೇಲೆ, 2021ರ ಜನವರಿಯಿಂದ, ಗ್ರೇಟ್ ಬ್ರಿಟನ್ನಿನಿಂದ ಕೊಂಡು ತರುವ ಕಾರಿಗೆ ವ್ಯಾಟ್ ಕೂಡ ಸೇರಿಕೊಂಡಿತು, ಬ್ರಿಟನ್ನಿನಲ್ಲೇ ತಯಾರಾದದ್ದೆಂದು ತೋರಿಸಲಾಗದಿದ್ದರೆ ಶೇ. 10 ಸುಂಕವೂ. ಇವಕ್ಕೂ ವಿ.ಆರ್.ಟಿ.ಗೂ ಮೇಲ್ಮನವಿಯ ಆಧಾರಗಳು ಬೇರೆ ಬೇರೆ. ಒಂದೇ ಅರ್ಜಿಯಲ್ಲಿ ಎಲ್ಲ ಕಲಸಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಇನ್ನು 'ತೆರಿಗೆ ವಿಪರೀತ ಹೆಚ್ಚು' ಎಂಬ ಮೂಲ ದೂರು. ಇದನ್ನು ಯೂರೋಪಿನ ನ್ಯಾಯಾಲಯದವರೆಗೂ ಒಯ್ದಿದ್ದಾರೆ. ಕಾರಿನ ಮೇಲೆ ಡೆನ್ಮಾರ್ಕಿನಷ್ಟು ತೆರಿಗೆ ಹಾಕಿದ ದೇಶಗಳು ಕಡಿಮೆ. ಒಂದು ಕಾಲಕ್ಕೆ ಅಲ್ಲಿ ಮೇಲಿನ ದರ ಶೇ. 180 ಇತ್ತು, ಈಗ 150. ಯೂರೋಪಿಯನ್ ಕಮಿಷನ್ ಡೆನ್ಮಾರ್ಕಿನ ಮೇಲೆ ಹೂಡಿದ ದಾವೆಯಲ್ಲಿ 1990ರ ಡಿಸೆಂಬರಿನಲ್ಲಿ ಲಕ್ಸೆಂಬರ್ಗಿನಲ್ಲಿರುವ ಈ ನ್ಯಾಯಾಲಯ ಎರಡು ಮಾತು ಹೇಳಿತು. ಹೊರಗಿನ ವಸ್ತುವಿಗೆ ಒಳಗಿನ ಅಂಥದೇ ವಸ್ತುವಿಗಿಂತ ಹೆಚ್ಚು ತೆರಿಗೆ ಹಾಕಬಾರದು ಎಂಬುದು ಯೂರೋಪಿನ ಸದಸ್ಯ ದೇಶಗಳ ನಡುವಿನ ಒಪ್ಪಂದದ ನಿಯಮ. ಡೆನ್ಮಾರ್ಕಿನಲ್ಲಿ ಕಾರು ತಯಾರಿಕೆಯೇ ಇಲ್ಲ, ಹೋಲಿಸಲು ಒಳಗಿನ ಹೊಸ ಕಾರೇ ಇಲ್ಲ. ಆದ್ದರಿಂದ ದರ ಎಷ್ಟೇ ಎತ್ತರವಿರಲಿ, ಈ ನಿಯಮದಡಿ ಪ್ರಶ್ನಿಸಲಾಗದು. ಆದರೆ ಹಳೆಯ ಕಾರಿನ ಮಾತು ಬೇರೆ. ಒಮ್ಮೆ ನೋಂದಣಿಯಾದ ಕಾರು ಆ ದೇಶದ ವಸ್ತುವೇ ಆಗುತ್ತದೆ. ಹಾಗಾಗಿ ಹೊರಗಿನಿಂದ ಬಂದ ಹಳೆಯ ಕಾರನ್ನು ಒಳಗಿನ ಹಳೆಯ ಕಾರಿನ ಜೊತೆ ಹೋಲಿಸಬಹುದು, ಹೋಲಿಸಲೇಬೇಕು. ಅದರ ನಿಜವಾದ ಬೆಲೆಗಿಂತ ಹೆಚ್ಚಿನ ಕಲ್ಪಿತ ಬೆಲೆ ಹಿಡಿದು ತೆರಿಗೆ ಹಾಕುವಂತಿಲ್ಲ.

ಇದರಿಂದ ಹುಟ್ಟಿದ್ದು 'ಉಳಿಕೆ ತೆರಿಗೆ'ಯ ತತ್ವ. ಇಡೀ ಪ್ರಶ್ನೆಯಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವ ಮಾತು ಇದು. 30,000 ಯೂರೋದ ಹೊಸ ಕಾರಿನ ಬೆಲೆಯಲ್ಲಿ 6,000 ತೆರಿಗೆ ಇತ್ತೆನ್ನಿ. ಐದು ವರ್ಷ ಕಳೆದು ಅದು 12,000ಕ್ಕೆ ಮಾರಿಹೋದರೆ, ಬೆಲೆ ಇಳಿದ ಪ್ರಮಾಣದಲ್ಲೇ ಒಳಗಿರುವ ತೆರಿಗೆಯೂ ಇಳಿದು 2,400 ಉಳಿದಿರುತ್ತದೆ. ಅದೇ ವಯಸ್ಸಿನ, ಅದೇ ಸ್ಥಿತಿಯ ಕಾರನ್ನು ಹೊರಗಿನಿಂದ ತಂದವನಿಂದ ಈ 2,400ಕ್ಕಿಂತ ಒಂದು ಯೂರೋ ಹೆಚ್ಚು ಕೀಳುವಂತಿಲ್ಲ. ಪೋರ್ಚುಗಲ್ಲಿನಿಂದ ಬಂದ ಗೋಮೆಸ್ ವಾಲೆಂಟೆ ಪ್ರಕರಣದಲ್ಲಿ 2001ರಲ್ಲಿ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಒಂದೊಂದು ಕಾರನ್ನೂ ನೋಡಿ ಬೆಲೆ ಕಟ್ಟುವುದು ಸರ್ಕಾರಕ್ಕೆ ಕಷ್ಟ, ಪಟ್ಟಿ ಇಟ್ಟುಕೊಳ್ಳಲಿ. ಆದರೆ ಆ ಪಟ್ಟಿಗೆ ಆಧಾರವಾದ ಮಾನದಂಡಗಳನ್ನು ಜನರಿಗೆ ತಿಳಿಸಬೇಕು, ಪಟ್ಟಿ ತನ್ನ ಕಾರಿಗೆ ಹೊಂದುವುದಿಲ್ಲ ಎಂದು ಮಾಲೀಕ ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವಿರಬೇಕು ಎಂದಿತು. ಎಂದರೆ ಇಂಥ ಮೇಲ್ಮನವಿಯ ಅವಕಾಶವನ್ನು ಯಾವ ಸರ್ಕಾರವೂ ಔದಾರ್ಯಕ್ಕೆ ಕೊಡುತ್ತಿಲ್ಲ. ಪಟ್ಟಿ ಹಿಡಿದು ತೆರಿಗೆ ಹಾಕಬೇಕಾದರೆ ಮೇಲ್ಮನವಿಗೆ ದಾರಿ ಬಿಡಲೇಬೇಕು.

ರೊಮೇನಿಯಾದ ಟಾಟು ಪ್ರಕರಣ ಈ ತತ್ವದ ಬಲ ತೋರಿಸಿತು. ಅಲ್ಲಿ 2008ರಲ್ಲಿ ತಂದ ಮಾಲಿನ್ಯ ತೆರಿಗೆ ಹೊರಗಿನಿಂದ ಬಂದ ಹಳೆಯ ಕಾರಿಗೆ ಬೀಳುತ್ತಿತ್ತು, ದೇಶದೊಳಗೇ ಕೈ ಬದಲಿಸುವ ಅಷ್ಟೇ ಹಳೆಯ, ಅಷ್ಟೇ ಹೊಗೆಯುಗುಳುವ ಕಾರಿಗೆ ಬೀಳುತ್ತಿರಲಿಲ್ಲ. ಪರಿಸರದ ಹೆಸರಿನಲ್ಲಿ ಹೊರಗಿನ ಕಾರನ್ನು ಮಾತ್ರ ತಡೆಯುವ ತೆರಿಗೆ ಸಲ್ಲದು ಎಂದು 2011ರ ಏಪ್ರಿಲಿನಲ್ಲಿ ತೀರ್ಪಾಯಿತು. ಸಾವಿರಾರು ಜನ ಹಣ ವಾಪಸಿಗೆ ಅಲ್ಲಿನ ಕೋರ್ಟುಗಳ ಬಾಗಿಲು ಬಡಿದರು. ಆದರೆ ಇದೇ ನ್ಯಾಯಾಲಯ ಎಲ್ಲ ಕಡೆ ಮಾಲೀಕನ ಪಕ್ಷ ವಹಿಸಿಲ್ಲ. ಜರ್ಮನಿಯಿಂದ ಆಸ್ಟ್ರಿಯಾಕ್ಕೆ ಕೆಲಸಕ್ಕಾಗಿ ಹೋದ ವೈಗೆಲ್ ದಂಪತಿಯ ಪ್ರಕರಣದಲ್ಲಿ, ವಾಸ ಬದಲಿಸಿದರೆ ತೆರಿಗೆಯ ಹೊರೆ ಬದಲಾಗಬಾರದು ಎಂಬ ಭರವಸೆಯನ್ನು ಒಪ್ಪಂದ ಕೊಡುವುದಿಲ್ಲ ಎಂದು 2004ರಲ್ಲಿ ಹೇಳಿತು.

ಈ ಬೆಳಕಿನಲ್ಲಿ ಐರ್ಲೆಂಡಿನ ಒಂದು ಬಾಬತ್ತು ನನಗೆ ಸರಿ ಕಾಣುವುದಿಲ್ಲ. 2020ರಿಂದ ನೈಟ್ರೋಜನ್ ಆಕ್ಸೈಡಿಗೆ ಬೇರೆಯೇ ಶುಲ್ಕ ಸೇರಿಸಿದ್ದಾರೆ. ಈಗಿನ ದರದಲ್ಲಿ ಮೊದಲ 40 ಮಿಲಿಗ್ರಾಮಿಗೆ ತಲಾ 5 ಯೂರೋ, 80ರವರೆಗೆ 15, ಅದರ ಮೇಲೆ 25. 120 ಮಿಲಿಗ್ರಾಮಿನ ಡೀಸೆಲ್ ಕಾರಿಗೆ 1,800 ಯೂರೋ. ಡೀಸೆಲ್ಲಿಗೆ ಗರಿಷ್ಠ ಮಿತಿ 4,850, ಪೆಟ್ರೋಲಿಗೆ 600. ದಾಖಲೆ ಇಲ್ಲದಿದ್ದರೆ ಮಿತಿಯಷ್ಟೂ ಕಟ್ಟಬೇಕು. ಕಾರಿನ ಬೆಲೆಗೂ ಈ ಶುಲ್ಕಕ್ಕೂ ನಂಟಿಲ್ಲ. ಹತ್ತು ವರ್ಷದ ಹಳೆಯ ಗಾಡಿಗೂ ಅದೇ, ಹೊಸದಕ್ಕೂ ಅದೇ. ಪೋರ್ಚುಗಲ್ ಹೀಗೆಯೇ ತನ್ನ ತೆರಿಗೆಯ ಪರಿಸರದ ಭಾಗವನ್ನು ವಯಸ್ಸಿಗೆ ತಕ್ಕಂತೆ ಇಳಿಸದೆ ಇಟ್ಟಾಗ, ಅದು ಒಪ್ಪಂದದ ಉಲ್ಲಂಘನೆ ಎಂದು 2021ರ ಸೆಪ್ಟೆಂಬರಿನಲ್ಲಿ ಯೂರೋಪಿನ ನ್ಯಾಯಾಲಯವೇ ತೀರ್ಪು ಕೊಟ್ಟಿದೆ. ಆ ತರ್ಕ ಐರಿಷ್ ಶುಲ್ಕಕ್ಕೂ ತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬೆಲೆಯ ವಾದದಿಂದ ಈ ಶುಲ್ಕ ಒಂದು ಯೂರೋ ಕೂಡ ಇಳಿಯುವುದಿಲ್ಲ, ಇಳಿಯಬೇಕಾದರೆ ಇಂಥ ಕಾನೂನಿನ ವಾದವೇ ಬೇಕು.

ನಮ್ಮ ದೇಶದಲ್ಲಿ ಈ ಜಗಳ ಬೇರೆ ರೂಪ ತಾಳಿತು. ಆಮದು ಕಾರಿಗೆ ರಾಜ್ಯಗಳು ಹಾಕಿದ ಪ್ರವೇಶ ತೆರಿಗೆಯನ್ನು ಪ್ರಶ್ನಿಸಿದವರು ಬೆಲೆಯ ತಂಟೆಗೆ ಹೋಗಲಿಲ್ಲ, ನಿಮಗೆ ಈ ತೆರಿಗೆ ಹಾಕುವ ಅಧಿಕಾರವೇ ಇಲ್ಲ ಎಂದರು. ಕೇರಳದಲ್ಲಿ ಪಾದ್ರಿಯೊಬ್ಬರ ಹೆಸರಿನಲ್ಲಿ ನಡೆದ ಪ್ರಕರಣದಲ್ಲಿ ಹೈಕೋರ್ಟು ಅದನ್ನು ಒಪ್ಪಿತ್ತು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಕ್ಕೆ ಅಧಿಕಾರವಿದೆ ಎಂದಿತು. ಕರ್ನಾಟಕದಲ್ಲಿ ಹೊರರಾಜ್ಯದ ಕಾರು ತಂದವರ ಅನುಭವವೂ ಇದಕ್ಕೆ ಹತ್ತಿರದ್ದು. 2014ರಲ್ಲಿ ಸರ್ಕಾರ ಕಾಯ್ದೆ ತಿದ್ದಿ, ರಾಜ್ಯದೊಳಗೆ 30 ದಿನ ಮೀರಿದ ಗಾಡಿಗೆ ಲೈಫ್ ಟ್ಯಾಕ್ಸ್ ಎಂದಾಗ ಬೆಂಗಳೂರಿನ ರಸ್ತೆಗಳಲ್ಲಿ ಗಾಡಿ ತಡೆದು ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. ನೋಂದಣಿ ಬದಲಿಸಲು ಕೇಂದ್ರದ ಮೋಟಾರು ವಾಹನ ಕಾಯ್ದೆಯೇ 12 ತಿಂಗಳ ಗಡುವು ಕೊಟ್ಟಿರುವಾಗ ಇದೇನು ಎಂದು ಜನ ಹೈಕೋರ್ಟಿಗೆ ಹೋದರು, ತಿದ್ದುಪಡಿ ರದ್ದಾಯಿತು. ಬೆಲೆಯ ವಿಷಯದಲ್ಲಿ ಮಾತ್ರ ನಮ್ಮ ಆರ್‌ಟಿಒ ಪದ್ಧತಿ ಸರಳ: ವರ್ಷ ಕಳೆದಂತೆ ಇಳಿಯುವ ಶೇಕಡಾ ಪಟ್ಟಿ ಇದೆ, ಇವತ್ತು ಈ ಕಾರು ಎಷ್ಟಕ್ಕೆ ಹೋದೀತು ಎಂದು ಯಾರೂ ಅಂದಾಜು ಮಾಡುವುದಿಲ್ಲ. ಹೆಚ್ಚು ಓಡಿ ಸವೆದ ಕಾರಿಗೆ ಅದು ಅನ್ಯಾಯ ಮಾಡಬಹುದು. ಆದರೆ ಕಟ್ಟುವವನಿಗೆ ಲೆಕ್ಕ ಮನೆಯಲ್ಲೇ ಗೊತ್ತಾಗುತ್ತದೆ.

ಮತ್ತೆ ಐರ್ಲೆಂಡಿನ ಅರ್ಜಿದಾರನ ಮೇಜಿಗೆ ಬರೋಣ. ಅವನ ಕೈಯಲ್ಲಿ ಇರಬೇಕಾದದ್ದು ಇಂಗ್ಲೆಂಡಿನ ರಸೀದಿಗಿಂತ ಹೆಚ್ಚಾಗಿ ಐರ್ಲೆಂಡಿನ ಜಾಹೀರಾತುಗಳು: ಅದೇ ಮಾದರಿ, ಅದೇ ವರ್ಷ, ಅದೇ ಎಂಜಿನ್, ಹೆಚ್ಚುಕಡಿಮೆ ಅಷ್ಟೇ ಓಡಿದ, ಅಲ್ಲೇ ನೋಂದಣಿಯಾದ ಕಾರುಗಳವು. ತನ್ನ ಕಾರು ನೋಂದಣಿಯಾದ ವಾರದವೇ ಆಗಿದ್ದರೆ ಒಳ್ಳೆಯದು, ಆರು ತಿಂಗಳ ಆಚೆಯ ಬೆಲೆ ಬೇರೆ ಕಥೆ ಹೇಳುತ್ತದೆ. ಕಾರನ್ನು ಕಣ್ಣಾರೆ ನೋಡಿದ ಅಲ್ಲಿನ ಡೀಲರುಗಳಿಂದ ಲಿಖಿತ ಬೆಲೆ ಸಿಕ್ಕರೆ ಇನ್ನೂ ತೂಕ. ಜಖಂ ಇದ್ದರೆ ರಿಪೇರಿಗೆ ಮುಂಚಿನ ಫೋಟೋ, ಗ್ಯಾರೇಜಿನ ಅಂದಾಜುಪಟ್ಟಿ. ಇವನ್ನೆಲ್ಲ ತಪಾಸಣೆಗೆ ಹೋಗುವ ಮೊದಲೇ ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ತೆರಿಗೆ ಕಟ್ಟಿದ ಮೇಲೆ ಎಲ್ಲರೂ ಮಾಡುವ ಮೊದಲ ಕೆಲಸ ಕಾರನ್ನು ಸರಿಮಾಡಿಸುವುದು.

ಕಮಿಷನ್ನಿನ ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿಗೆ ಒಯ್ಯುವಂತೆ ಕೇಳಲು ಈಗ 42 ದಿನ ಅವಕಾಶವಿದೆ. ಆದರೆ ಅಲ್ಲಿಗೆ ಹೋಗುವುದು ಕಾನೂನಿನ ಪ್ರಶ್ನೆ ಮಾತ್ರ. ಕಾರಿನ ಬೆಲೆ ಎಷ್ಟು ಎಂಬುದು ವಾಸ್ತವದ ಪ್ರಶ್ನೆ. 500 ಯೂರೋದ ವ್ಯಾಜ್ಯಕ್ಕೆ ಹೈಕೋರ್ಟಿನ ಖರ್ಚು ಹೊರುವವರೂ ಇಲ್ಲ. ಹಾಗಾಗಿ ಬೆಲೆಯ ವಿಚಾರಣೆ ಕಮಿಷನ್ನಿನಲ್ಲೇ ಮುಗಿಯುತ್ತದೆ, ಅಲ್ಲಿಗೆ ಬರುವ ಮೊದಲೇ ಸಾಕ್ಷಿಯ ಹೊರೆ ಮಾಲೀಕನ ಹೆಗಲೇರಿರುತ್ತದೆ. ಆ ಹೊರೆ ಅವನದೇ ಆಗಿರಲಿ. ಆದರೆ ಯಾವ ಕಾರುಗಳ ಜೊತೆ ಹೋಲಿಸಿ, ಎಷ್ಟು ಓಡಿದವೆಂದು ಹಿಡಿದು, ಯಾವ ದಿನದ ಮಾರುಕಟ್ಟೆ ನೋಡಿ ಈ ಬೆಲೆ ಕಟ್ಟಿದೆವು ಎಂಬ ನಾಲ್ಕು ಸಾಲನ್ನು ತೆರಿಗೆಯ ಚೀಟಿಯ ಹಿಂಬದಿಯಲ್ಲೇ ಮುದ್ರಿಸಿ ಕೊಡಲು ಇಲಾಖೆಗೆ ಕಷ್ಟವೇನೂ ಆಗದು. ಮಾನದಂಡ ಜನರಿಗೆ ತಿಳಿದಿರಬೇಕು ಎಂದು ಲಕ್ಸೆಂಬರ್ಗಿನ ನ್ಯಾಯಾಲಯ 2001ರಲ್ಲೇ ಹೇಳಿದೆ.